ಆಪತ್ತಿನ ಗಾಡಿಯಲ್ಲಿ ಕೂಡುವವರು ಕಲಿಯಬೇಕಾದ ವಿದ್ಯೆ



ಕಳೆದ ಕಾರ್ತಿಕ ಮಾಸದಲ್ಲಿ ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಗೆ ಹೋಗುವ ಸಂದರ್ಭವೊದಗಿತು. ಸಂಜೆಯ ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಮನೆಯಲ್ಲಿ ಏನೋ ಬಿಗುವಿದೆಯೆಂಬುದನ್ನು ಒಳಗೆ ಕಾಲಿಟ್ಟಾಗಲೇ ಗಮನಿಸಿದ್ದೆವು. ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ದೊಡ್ಡಪ್ಪನವರ ಮೊಮ್ಮಗಳು ಪಿಯುಸಿ ವಿಜ್ಞಾನವನ್ನು ಒಳ್ಳೆಯ ಅಂಕಗಳಿಂದ ಮುಗಿಸಿದವಳು. ಈಗ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ನೀಡುವವರ ಶಿಕ್ಷಣಕ್ಕೆ ಸೇರಿದ್ದಾಳೆ. ಅಜ್ಜನಿಗೆ ಅದು ಸಮ್ಮತವಿಲ್ಲ.

"ನರ್ಸ್ ಆಗ್ತೇನಂದಿದ್ರ ಬ್ಯಾಡ ಅಂತಿರಲಿಲ್ಲ. ಗಾಡಿ ಹಿಂದ ಕುಂತು ಪೇಶಂಟ್ ಎತ್ತಿ ಇಳಸೂ ಕೆಲಸಕ್ಕ ವರ್ಷಗಟ್ಟಲೆ ಓದು ಯಾಕ ಬೇಕಪಾ? ಅದರಾಗ ರಾತ್ರಿ ಪಾಳಿ ಬ್ಯಾರೆ" ಎಂದು ದೊಡ್ಡಪ್ಪನವರು ನಮ್ಮನ್ನೇ ಪಂಚರನ್ನಾಗಿಸಿ ಕೇಳಿದರು. ಹುಡುಗಿ ವಾದಕ್ಕಿಳಿಯಲಿಲ್ಲ. ಒಳಗಿನಿಂದ ಮೂರು ದಪ್ಪ ವಹಿಗಳನ್ನು ತಂದು ನಮ್ಮ ಮುಂದಿಟ್ಟು, "ಕಾಕಾ, ಇವನ್ನೊಮ್ಮೆ ಓದ್ರಿ. ಆಮ್ಯಾಲೆ ಅಜ್ಜಗ ನೀವ ಹೇಳ್ರಿ" ಎಂದಳು.

ಆ ರಾತ್ರಿ ಹನ್ನೊಂದರವರೆಗೆ ಆ ವಹಿಗಳನ್ನು ಓದಿದೆವು. ಅರ್ಥವಾಗದ ಕಡೆ ಅವಳನ್ನೇ ಕೇಳಿದೆವು. ಈ ತಿಂಗಳ ಅಂಕಣಕ್ಕೆ ಬೇರೆ ವಿಷಯವನ್ನು ಗೊತ್ತುಪಡಿಸಿಕೊಂಡಿದ್ದೆವಾದರೂ ಅದನ್ನು ಬದಿಗಿರಿಸಿ ಇದನ್ನೇ ಬರೆಯುತ್ತಿದ್ದೇವೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಎದ್ದಿರಬಹುದು.

ಮೊದಲು ಎರಡು ಮಾತು ಹಿನ್ನೆಲೆಗಾಗಿ. ಕರ್ನಾಟಕದಲ್ಲಿ 108ರ ಸೇವೆಯು 'ಆರೋಗ್ಯ ಕವಚ' ಎಂಬ ಹೆಸರಿನಿಂದ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಆರಂಭವಾಯಿತು. ಅದಕ್ಕೆ ಮುಂಚೆ ನಮ್ಮ ಭಾಗದಲ್ಲಿ ಆಪತ್ತಿಗೆ ಒದಗುತ್ತಿದ್ದುದು ಜೀಪು, ಟ್ರ್ಯಾಕ್ಟರು, ತಪ್ಪಿದರೆ ಚಕ್ಕಡಿ. ರೋಗಿಯನ್ನು ಹೇಗಾದರೂ ದವಾಖಾನೆಯ ಬಾಗಿಲಿಗೆ ಮುಟ್ಟಿಸಿದರೆ ನಮ್ಮ ಹೊಣೆ ತೀರಿತೆಂದು ನಾವೆಲ್ಲ ತಿಳಿದಿದ್ದೆವು. ದಾರಿಯಲ್ಲಿಯೂ ಚಿಕಿತ್ಸೆ ನಡೆಯಬೇಕೆಂಬ ವಿಚಾರ ಹೊರದೇಶಗಳಲ್ಲಿಯೂ ಬಹಳ ಹಳೆಯದಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಪೀಟರ್ ಸಫಾರ್ ಎಂಬ ವೈದ್ಯರಿದ್ದರು. ಬಾಯಿಂದ ಬಾಯಿಗೆ ಉಸಿರು ಕೊಟ್ಟು ಜೀವ ಉಳಿಸುವ ಕ್ರಮವನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸಿದವರಲ್ಲಿ ಅವರು ಪ್ರಮುಖರು. 1966ರಲ್ಲಿ ಅವರ ಸ್ವಂತ ಮಗಳೇ ಉಬ್ಬಸದಿಂದ ತೀರಿಕೊಂಡಳು. ಮರುವರ್ಷ, ಅಂದರೆ 1967ರಲ್ಲಿ, ಆ ನಗರದ ಕಪ್ಪು ಜನರ ಕೇರಿಯಲ್ಲಿ ಆರಂಭವಾದ 'ಫ್ರೀಡಂ ಹೌಸ್' ಎಂಬ ಆಂಬುಲೆನ್ಸ್ ಸೇವೆಗೆ ಅವರು ಬೆನ್ನೆಲುಬಾಗಿ ನಿಂತರು. ಯಾವ ಕೆಲಸಕ್ಕೂ ಬಾರದವರೆಂದು ಊರು ಕೈಬಿಟ್ಟಿದ್ದ ತರುಣರನ್ನು ಕೂಡಿಸಿಕೊಂಡು ಅವರಿಗೆ ಉಸಿರಿನ, ಹೃದಯದ, ಗಾಯದ ವಿದ್ಯೆಯನ್ನು ಕಲಿಸಲಾಯಿತು. ಅಲ್ಲಿಯವರೆಗೆ ಆ ಕೇರಿಯ ರೋಗಿಗಳನ್ನು ಒಯ್ಯುತ್ತಿದ್ದುದು ಪೊಲೀಸರ ಗಾಡಿ. ಇಂದು ಜಗತ್ತಿನಲ್ಲಿ ಪ್ಯಾರಾಮೆಡಿಕ್ ಎನಿಸಿಕೊಳ್ಳುವವರ ಪಾಠಕ್ರಮದ ಬೇರುಗಳು ಬಹುಮಟ್ಟಿಗೆ ಅಲ್ಲಿವೆ.

ಈಗ ವಹಿಯ ಮೊದಲ ಪುಟ. ಅಲ್ಲಿ ರೋಗದ ಹೆಸರಿಲ್ಲ, ಔಷಧದ ಹೆಸರಿಲ್ಲ. 'ಸ್ಥಳ ಸುರಕ್ಷಿತವೇ?' ಎಂಬ ಒಂದೇ ಪ್ರಶ್ನೆಯನ್ನು ಕೆಂಪು ಶಾಯಿಯಿಂದ ಬರೆದು ಎರಡು ಗೆರೆ ಎಳೆದಿತ್ತು. ಅಮೆರಿಕದಲ್ಲಿ 1970ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನೋಂದಣಿ ಸಂಸ್ಥೆಯ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಈ ಒಂದು ಪ್ರಶ್ನೆಯನ್ನು ಮರೆತವನು ಮುಂದಿನದನ್ನೆಲ್ಲ ಸರಿಯಾಗಿ ಮಾಡಿದರೂ ಅನುತ್ತೀರ್ಣನೆಂದೇ ಗಣಿಸುತ್ತಿದ್ದರಂತೆ. ನಮಗೆ ಇದು ಮೊದಲು ಕೊಂಚ ಅತಿಯೆನಿಸಿತು. ಆಮೇಲೆ ನಮ್ಮ ಹಳೆಯ ವಾಡೆಗಳಲ್ಲಿದ್ದ ಹಗೇವುಗಳು ನೆನಪಾದವು. ಜೋಳ ತೆಗೆಯಲೆಂದು ಹಗೇವಿನೊಳಗೆ ಇಳಿದವನು ಮೇಲೆ ಬರಲಿಲ್ಲವೆಂದು ಅವನ ತಮ್ಮ ಇಳಿಯುವುದು, ಅವನೂ ಬರಲಿಲ್ಲವೆಂದು ಮೂರನೆಯವನು ಇಳಿಯುವುದು. ಹೊಲದಲ್ಲಿ ಹರಿದುಬಿದ್ದ ವಿದ್ಯುತ್ ತಂತಿಯ ಕಥೆಯೂ ಇದೇ. ಒಂದು ಸಾವು ಎರಡಾಗುವುದು ಪ್ರೀತಿಯಿಂದ ಓಡಿಬಂದವರಿಂದಲೇ. ಮುಚ್ಚಿದ ಕುಣಿಯಲ್ಲಿ ಪ್ರಾಣವಾಯು ಇರುವುದಿಲ್ಲವೆಂಬುದನ್ನು ತಿಳಿದವನು ಹಗ್ಗ, ಗಾಳಿ, ಜನ ಎಲ್ಲವೂ ಸಿದ್ಧವಾಗುವವರೆಗೆ ಮೇಲೆ ನಿಲ್ಲಬಲ್ಲ. ಹಾಗೆ ನಿಲ್ಲುವುದನ್ನೂ ಕಲಿಯಬೇಕಾಗುತ್ತದೆ.

ಎರಡನೆಯದು ನೋಡುವ ಕ್ರಮ. ರೋಗಿ ಮಾತಿಗೆ ಎಚ್ಚರಾಗುವನೇ? ಧಾರಾಕಾರವಾಗಿ ರಕ್ತ ಹೋಗುತ್ತಿದೆಯೇ? ಉಸಿರಿನ ದಾರಿ ತೆರೆದಿದೆಯೇ, ಉಸಿರು ಆಡುತ್ತಿದೆಯೇ, ನಾಡಿ ಹೇಗಿದೆ? ಈ ಕ್ರಮವನ್ನು ನಿದ್ರೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದಂತೆ ರೂಢಿಸಿಕೊಳ್ಳಬೇಕು. ಮುರಿದು ಸೊಟ್ಟಗಾದ ಕಾಲು ಕಣ್ಣಿಗೆ ಭಯಂಕರವಾಗಿ ಕಾಣುತ್ತದೆ, ನೆರೆದವರೆಲ್ಲರ ದೃಷ್ಟಿಯೂ ಅದರ ಮೇಲೆಯೇ ಇರುತ್ತದೆ. ಆದರೆ ಸದ್ದಿಲ್ಲದೆ ನೀಲಿಗಟ್ಟುತ್ತಿರುವ ತುಟಿಯೇ ಅವನ ಪ್ರಾಣವನ್ನು ಒಯ್ಯುವಂಥದು.

ಇದಕ್ಕೆ ಹೊಂದಿಕೊಂಡೇ ಅಂಕಿಗಳಿವೆ. ಪ್ರಾಯದವರ ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100. ಈಗ ಹುಟ್ಟಿದ ಕೂಸಿನ ಉಸಿರಾದರೆ 30ರಿಂದ 60. ಅಜ್ಜನಿಗೆ ಆಪತ್ತೆನಿಸುವ ಅಂಕಿ ಮೊಮ್ಮಗನಿಗೆ ಸಹಜ. ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನ್ನೆಟ್, 1974ರಲ್ಲಿ ರೂಪಿಸಿದ ಒಂದು ಮಾಪನವೂ ವಹಿಯಲ್ಲಿತ್ತು. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಇವುಗಳಿಗೆ ಅಂಕ ಕೊಟ್ಟು ಕೂಡಿಸಿದರೆ ಎಚ್ಚರದ ಮಟ್ಟ 3ರಿಂದ 15ರೊಳಗೆ ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಎಂಟಕ್ಕಿಳಿದರೆ ರೋಗಿ ತನ್ನ ಉಸಿರಿನ ದಾರಿಯನ್ನು ತಾನೇ ಕಾಯ್ದುಕೊಳ್ಳಲಾರ. 'ಜ್ಞಾನ ತಪ್ಪ್ಯಾನ' ಎಂಬ ನಮ್ಮ ಒಂದು ಮಾತಿನಲ್ಲಿ ಎಷ್ಟು ಮೆಟ್ಟಿಲುಗಳು ಅಡಗಿವೆಯೆಂಬುದನ್ನು ಕಂಡು ನಾವು ಬೆರಗಾದೆವು.

ರಕ್ತಸ್ರಾವದ ಪುಟದಲ್ಲಿ ಇನ್ನೊಂದು ಮಾತಿತ್ತು. ಪ್ರಾಯದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದು ಸೋರಿಹೋಗುತ್ತಿರುವಾಗ ರಕ್ತದೊತ್ತಡ ಕೂಡಲೇ ಬೀಳುವುದಿಲ್ಲ. ದೇಹವು ರಕ್ತನಾಳಗಳನ್ನು ಬಿಗಿಹಿಡಿದು ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಅದು ಕೈಬಿಡುವ ಹೊತ್ತಿಗೆ ಮೂರರಲ್ಲೊಂದು ಪಾಲು ರಕ್ತ ಹೊರಟುಹೋಗಿರಬಹುದು. ಆದ್ದರಿಂದ ಯಂತ್ರ ತೋರಿಸುವ ಅಂಕಿ ಚೆನ್ನಾಗಿದೆಯೆಂದು ನೆಚ್ಚಿ ಕೂಡುವಂತಿಲ್ಲ. ಏರುವ ನಾಡಿ, ತಣ್ಣಗಾದ ಅಂಗೈ, ಬೆವರಿದ ಹಣೆ, ಕಾರಣವಿಲ್ಲದ ಚಡಪಡಿಕೆ ಇವು ಮೊದಲು ಹೇಳುತ್ತವೆ.

ಇಲ್ಲಿ ನಮ್ಮ ಬದುಕಿನ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಅಥಣಿ ತಾಲೂಕಿನಲ್ಲಿದ್ದ ನಮ್ಮ ಕಬ್ಬಿನ ಹೊಲದಲ್ಲಿ ನೀರು ಹಾಯಿಸುತ್ತಿದ್ದ ಆಳಿಗೆ ಮುಸ್ಸಂಜೆಯಲ್ಲಿ ಹಾವು ಕಚ್ಚಿತು. ನಾವೇ ಅಲ್ಲಿದ್ದೆವು. ಬಾಲ್ಯದಿಂದ ಕೇಳಿದ್ದಂತೆ ವಿಷ ಮೇಲೇರಬಾರದೆಂದು ಅವನ ಮೊಣಕಾಲಿನ ಕೆಳಗೆ ಸುತಲಿಯನ್ನು ಬಲವಾಗಿ ಬಿಗಿದೆವು. ಒಂದು ಸಾಲದೆಂದು ಎರಡು ಕಡೆ ಬಿಗಿದೆವು. ಗಾಡಿ ಹುಡುಕಿ ಮಿರಜ ಮುಟ್ಟುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಪ್ರಾಣ ಉಳಿಯಿತು. ಆದರೆ ಪಾದ ಕಪ್ಪಾಗಿ ಕೊಳೆತು, ಅದನ್ನು ತೆಗೆಯಬೇಕಾಯಿತು. "ಕಾಲು ತಗದದ್ದು ಹಾವಲ್ಲರೀ, ಹಗ್ಗ" ಎಂದು ಅಲ್ಲಿಯ ವೈದ್ಯರು ಕಟುವಾಗಿಯೇ ಹೇಳಿದರು. ಆ ಮನುಷ್ಯನು ಅನಂತರ ಹತ್ತಾರು ವರ್ಷ ಕೋಲೂರಿಕೊಂಡು ನಮ್ಮ ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದ. ನಮ್ಮನ್ನು ಒಂದು ದಿನವೂ ದೂರಲಿಲ್ಲ. "ನೀವ ಉಳಿಸಿದ್ರಿ ಯಪ್ಪಾ" ಎಂದೇ ಕೈಮುಗಿಯುತ್ತಿದ್ದ. ನಮಗೆ ಅದೇ ಹೆಚ್ಚು ಭಾರವಾಗುತ್ತಿತ್ತು.

ಆ ಹುಡುಗಿಯ ಎರಡನೆಯ ವಹಿಯಲ್ಲಿ ಹಾವಿನ ಅಧ್ಯಾಯವು ಹನ್ನೆರಡು ಪುಟಗಳಷ್ಟಿತ್ತು. ಹಗ್ಗ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಐಸು ಇಡಬಾರದು. ಕಾಲುಂಗುರ, ಕಡಗ, ಬಳೆ ಇವುಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಎಲುಬು ಮುರಿದಾಗ ಕಟ್ಟುವಂತೆ ಹಲಗೆ ಅಥವಾ ಕಟ್ಟಿಗೆಯನ್ನು ಸಡಿಲವಾಗಿ ಕಟ್ಟಿ, ಆ ಅಂಗ ಅಲುಗದಂತೆ ಮಾಡಿ, ರೋಗಿಯನ್ನು ನಡೆಸದೆ ಎತ್ತಿಕೊಂಡೇ ಒಯ್ಯಬೇಕು. ಕಚ್ಚಿದ ಹೊತ್ತನ್ನು ಬರೆದಿಡಬೇಕು. ಹಾವನ್ನು ಕೊಲ್ಲಲು ಹೋಗಿ ಇನ್ನೊಬ್ಬ ಕಚ್ಚಿಸಿಕೊಳ್ಳಬಾರದು. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧವಾದುದರಿಂದ ಸತ್ತ ಹಾವನ್ನು ಚೀಲದಲ್ಲಿ ತರುವ ಅವಶ್ಯಕತೆಯೂ ಇಲ್ಲ.

ಆದರೂ ಲಕ್ಷಣಗಳ ಭೇದವನ್ನು ಆಂಬುಲೆನ್ಸಿನವರು ಅರಿತಿರಬೇಕು. ಗಡಿಯಾಚೆ ಘೋಣಸ ಎನ್ನುವ ಕೊಳಕು ಮಂಡಲ ಕಚ್ಚಿದರೆ ಬಾವು, ಅಸಾಧ್ಯ ನೋವು, ಒಸಡಿನಿಂದ ರಕ್ತ, ಮೂತ್ರಪಿಂಡಕ್ಕೆ ಪೆಟ್ಟು. ಅಲ್ಲಿಯವರು ಮಣ್ಯಾರ ಎನ್ನುವ ಕಟ್ಟು ಹಾವು ಬಹಳಮಟ್ಟಿಗೆ ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯವೂ ಕಾಣದು, ನೋವೂ ಇರದು. ಬೆಳಗಿನ ಜಾವ ಹೊಟ್ಟೆನೋವು, ಮುಚ್ಚುತ್ತ ಬರುವ ರೆಪ್ಪೆ, ತೊದಲುವ ಮಾತು, ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಆಗ ಕೈಯಿಂದ ಒತ್ತುವ ಉಸಿರಿನ ಚೀಲವೊಂದೇ ಆಧಾರ. ಚಿಕ್ಕೋಡಿಯವರೆಗಾಗಲಿ ಬೆಳಗಾವಿಯವರೆಗಾಗಲಿ ಒಂದೇ ಲಯದಲ್ಲಿ ಅದನ್ನು ಒತ್ತುತ್ತ ಕೂಡಬೇಕು. ಕೈ ನೋಯುತ್ತದೆಂದು ನಿಲ್ಲಿಸುವಂತಿಲ್ಲ. ದವಾಖಾನೆಯಲ್ಲಿ ಮಾಡುವ ಒಂದು ಸರಳ ಪರೀಕ್ಷೆಯನ್ನೂ ಅವಳು ಬರೆದುಕೊಂಡಿದ್ದಳು. ಸ್ವಚ್ಛವಾದ ಒಣ ಗಾಜಿನ ಕೊಳವೆಯಲ್ಲಿ ಒಂದಿಷ್ಟು ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುವುದು. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೇರಿದೆ. ದೊಡ್ಡ ಯಂತ್ರವಿಲ್ಲದ ತಾಲೂಕು ದವಾಖಾನೆಯಲ್ಲಿಯೂ ಇದು ಸಾಧ್ಯ. ಪ್ರತಿವಿಷವು ಮಕ್ಕಳಿಗೂ ದೊಡ್ಡವರಿಗೂ ಒಂದೇ ಪ್ರಮಾಣ, ಏಕೆಂದರೆ ಹಾವು ಕೂಸೆಂದು ಕಡಿಮೆ ವಿಷ ಬಿಡುವುದಿಲ್ಲ. ಈ ವಾಕ್ಯವನ್ನು ಓದಿ ನಾವು ಸ್ವಲ್ಪ ಹೊತ್ತು ವಹಿಯನ್ನು ಮುಚ್ಚಿಟ್ಟೆವು.

ಮುಂದಿನ ಅಧ್ಯಾಯದಲ್ಲಿ ಮತ್ತೆ ಹಗ್ಗ ಬಂತು, ಆದರೆ ಈ ಸಲ ಕಟ್ಟಬೇಕೆಂದೇ ಹೇಳಿತ್ತು. ಕಣಿಕೆ ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕು, ರಕ್ತ ಚಿಮ್ಮುತ್ತಿದ್ದು, ಬಟ್ಟೆ ಇಟ್ಟು ಬಲವಾಗಿ ಒತ್ತಿದರೂ ನಿಲ್ಲದಿದ್ದರೆ, ಗಾಯದಿಂದ ಎರಡು ಮೂರು ಅಂಗುಲ ಮೇಲೆ, ಕೀಲಿನ ಮೇಲೆ ಬಾರದಂತೆ, ಅಗಲವಾದ ಪಟ್ಟಿಯನ್ನು ರಕ್ತ ನಿಲ್ಲುವವರೆಗೂ ಬಿಗಿಯಬೇಕು. ಕಟ್ಟಿದ ಹೊತ್ತನ್ನು ಬರೆಯಬೇಕು. ದವಾಖಾನೆ ಮುಟ್ಟುವವರೆಗೆ ಸಡಿಲಿಸಬಾರದು. ತುಂಡಾದ ಬೆರಳನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಐಸಿನ ಮೇಲಿಡಬೇಕು. ಬೆರಳಿಗೆ ಐಸು ನೇರವಾಗಿ ತಾಗಬಾರದು. ಹಾವು ಕಚ್ಚಿದವನ ಕಾಲನ್ನು ಕೊಂದ ಅದೇ ಹಗ್ಗ ಇಲ್ಲಿ ಪ್ರಾಣ ಉಳಿಸುತ್ತದೆ. ಎರಡರ ಅಂತರವನ್ನು ಬಲ್ಲವರು ಅಂದು ನಮ್ಮ ಹೊಲದಲ್ಲಿ ಯಾರೂ ಇರಲಿಲ್ಲ. ದೊಡ್ಡಪ್ಪನವರಿಗೆ ನಾವು ಮರುದಿನ ಮುಂಜಾನೆ ಹೇಳಿದ್ದು ಮೊದಲು ಇದನ್ನೇ. ಆ ಆಳು ಅವರಿಗೂ ಪರಿಚಿತನಾಗಿದ್ದ.

ಅವರು ಸುಮ್ಮನಿದ್ದರು. ಅನಂತರ, "ಅದು ಹಾವಿನ ಮಾತಾತು. ಕುಡದು ಬಿದ್ದವರನ್ನೂ ಇಕಿನ ಎತ್ತಬೇಕಲ್ಲ?" ಎಂದರು.

ಹೌದು, ಎತ್ತಬೇಕು. ಆದರೆ ರಸ್ತೆಯ ಪಕ್ಕ ಬಿದ್ದು ತೊದಲುವವರೆಲ್ಲ ಕುಡಿದವರಲ್ಲ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಇಳಿದು ಇದೇ ರೀತಿ ಬೆವರಿ, ತೂರಾಡಿ, ಬೈದಾಡಿ ಬೀಳುತ್ತಾರೆ. 70ಕ್ಕಿಂತ ಕೆಳಗಿಳಿದರೆ ಅಪಾಯದ ಆರಂಭ. ಬೆರಳ ತುದಿಯ ಒಂದು ಹನಿ ರಕ್ತದಿಂದ ಒಂದು ನಿಮಿಷದೊಳಗೆ ಇದು ತಿಳಿಯುತ್ತದೆ. ಎಚ್ಚರವಿದ್ದರೆ ಸಕ್ಕರೆ ನೀರು, ಎಚ್ಚರವಿಲ್ಲದಿದ್ದರೆ ಬಾಯಿಗೆ ಒಂದು ಹನಿಯನ್ನೂ ಹಾಕದೆ ನರದ ಮೂಲಕ ಗ್ಲೂಕೋಸು. 'ಕುಡದಾನ ಬಿಡು' ಎಂದು ನಾವು ಹಾಯ್ದು ಹೋದವರಲ್ಲಿ ಎಷ್ಟು ಮಂದಿ ಹೀಗಿದ್ದರೋ. ಜ್ಞಾನ ತಪ್ಪಿದವರೆಲ್ಲರ ಸಕ್ಕರೆಯನ್ನೂ ನೋಡಲೇಬೇಕೆಂಬುದು ಅವರ ಪಾಠದ ಕಟ್ಟುನಿಟ್ಟಿನ ನಿಯಮ.

ಔಷಧದ ಭಾಗದಲ್ಲಿ ನಮಗೆ ಹಿಡಿಸಿದ ಸಂಗತಿಯೆಂದರೆ, ಯಾವಾಗ ಕೊಡಬೇಕೆಂಬುದಕ್ಕಿಂತ ಯಾವಾಗ ಕೊಡಬಾರದೆಂಬುದಕ್ಕೆ ಹೆಚ್ಚು ಪುಟಗಳಿದ್ದುದು. ಎದೆನೋವಿಗೆ ಅಗಿಯಲು ಕೊಡುವ ಆಸ್ಪಿರಿನ್ ಕೆಲವರಿಗೆ ಒಗ್ಗದು. ನಾಲಗೆಯ ಕೆಳಗಿಡುವ ಗುಳಿಗೆ ರಕ್ತದೊತ್ತಡ ಮೊದಲೇ ಇಳಿದವನಿಗೆ ಮಾರಕ. ನಮ್ಮ ದೇಶದಲ್ಲಿ ಆಂಬುಲೆನ್ಸಿನ ತಂತ್ರಜ್ಞರು ತಮ್ಮಿಷ್ಟದಂತೆ ಔಷಧ ಕೊಡುವುದಿಲ್ಲ. ಕೇಂದ್ರದಲ್ಲಿರುವ ವೈದ್ಯರಿಗೆ ಫೋನಿನಲ್ಲಿ ಸ್ಥಿತಿಯನ್ನು ವಿವರಿಸಿ ಅವರ ಸೂಚನೆಯಂತೆ ನಡೆಯುತ್ತಾರೆ. ಹಾಗಾಗಿ ಕಂಡದ್ದನ್ನು ಚುಟುಕಾಗಿ, ಕ್ರಮವಾಗಿ, ತಪ್ಪಿಲ್ಲದೆ ಹೇಳುವುದೇ ಒಂದು ಪರೀಕ್ಷೆ. 2023ರಲ್ಲಿ ರಾಜ್ಯ ಸರಕಾರವು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದು, ತಾಲೂಕು ದವಾಖಾನೆಗಳಲ್ಲಿಯೇ ಇಸಿಜಿ ತೆಗೆದು, ದೊಡ್ಡ ದವಾಖಾನೆಯ ತಜ್ಞರಿಗೆ ತೋರಿಸಿ, ಹೃದಯದ ನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಎದೆನೋವನ್ನು ವಾಯುವೆಂದು ತಿಳಿದು ಓಮ ಜಗಿಯುತ್ತ ರಾತ್ರಿ ಕಳೆಯುವ ಹಿರಿಯರು ಇದನ್ನು ಮನಸ್ಸಿನಲ್ಲಿಡಲಿ.

ನಮ್ಮ ಐದು ತಾಲೂಕುಗಳ ವಿಶೇಷವೆಂದರೆ ಪಠ್ಯದ ಬಹುತೇಕ ಅಧ್ಯಾಯಗಳು ಇಲ್ಲಿ ಕಣ್ಣೆದುರೇ ನಡೆಯುತ್ತವೆ. ನಿಪ್ಪಾಣಿಯ ಬದಿಗೆ ತವಂದಿ ಘಾಟಿನ ಇಳಿಜಾರಿನ ಹೆದ್ದಾರಿ. ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು. ಹಲವರು ಏಕಕಾಲಕ್ಕೆ ಗಾಯಗೊಂಡಾಗ ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸಿ, ಕೂಗುವವರನ್ನು ದಾಟಿ ಕೂಗಲಾರದವರ ಬಳಿಗೆ ಮೊದಲು ಹೋಗಬೇಕಾಗುತ್ತದೆ. ಇದು ನೋಡುವವರಿಗೆ ನಿರ್ದಯವಾಗಿ ಕಾಣುತ್ತದೆ, ಬಂಧುಗಳು ಸಿಟ್ಟಿಗೇಳುತ್ತಾರೆ. ಅಥಣಿ, ಕಾಗವಾಡದ ದ್ರಾಕ್ಷಿ ತೋಟಗಳಲ್ಲಿ ಕೀಟನಾಶಕ ಹೊಡೆಯುವವರ ಕಷ್ಟ ಇನ್ನೊಂದು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವರಿ, ಎದೆಯಲ್ಲಿ ಗೊರಗೊರ ಸದ್ದಾದರೆ ಅದು ಔಷಧದ ವಿಷ. ಅಂಗಿ ತೆಗೆದು ಮೈಯನ್ನು ಸಾಬೂನಿನಿಂದ ತೊಳೆಯುವುದೇ ಮೊದಲ ಚಿಕಿತ್ಸೆ, ತೊಳೆಯುವವರ ಕೈಗೆ ಚೀಲವಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಹಳೆಯ ಪದ್ಧತಿಯನ್ನು ಬಿಟ್ಟುಬಿಡಬೇಕು, ಏಕೆಂದರೆ ವಾಂತಿ ಶ್ವಾಸಕೋಶಕ್ಕಿಳಿದರೆ ಎರಡನೆಯ ವಿಷವಾಗುತ್ತದೆ. ನಿಪ್ಪಾಣಿಯ ಕಡೆ ಇಬ್ಬನಿಯಿಂದ ಒದ್ದೆಯಾದ ಹಸಿ ತಂಬಾಕಿನ ಎಲೆಯನ್ನು ಮುಟ್ಟುವವರಿಗೂ ಚರ್ಮದಿಂದಲೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುವುದುಂಟು. ಇನ್ನು ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿದ 2019 ಮತ್ತು 2021ರ ಮಳೆಗಾಲಗಳನ್ನು ಯಾರೂ ಮರೆತಿಲ್ಲ. ನೀರಿನಲ್ಲಿ ಮುಳುಗಿ ಉಸಿರು ನಿಂತವರನ್ನು ತಲೆಕೆಳಗು ಮಾಡಿ ತಿರುಗಿಸುವ ಬದಲು ಮೊದಲು ಉಸಿರು ಕೊಡಬೇಕೆಂದು ಪಾಠ ಹೇಳುತ್ತದೆ.

ಹೆರಿಗೆಯ ಅಧ್ಯಾಯವನ್ನು ಹುಡುಗಿ ನಮಗಿಂತ ತನ್ನ ತಾಯಿಗೆ ಓದಿ ಹೇಳಿದಳು. 108ರ ಗಾಡಿಯಲ್ಲಿಯೇ ಕೂಸು ಹುಟ್ಟುವುದು ಈಗ ವಿರಳವಲ್ಲ. ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಬೆಚ್ಚಗೆ ಮಲಗಿಸುವುದು, ಹೊಕ್ಕಳ ಬಳ್ಳಿಯನ್ನು ಆತುರದಿಂದ ಕತ್ತರಿಸದಿರುವುದು, ಆಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುತ್ತಿದೆಯೇ ಎಂದು ಕಣ್ಣಿಟ್ಟು, ಹೋಗುತ್ತಿದ್ದರೆ ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ತಿಕ್ಕಿ ಗಟ್ಟಿಯಾಗಿಸುವುದು. ಕೇಳುತ್ತಿದ್ದ ತಾಯಿ, "ರಾತ್ರಿ ಎರಡು ಗಂಟೇಕ ಆ ಗಾಡ್ಯಾಗ ಹೆಣ್ಣಮಗಳೊಬ್ಬಾಕಿ ಇದ್ಲಂದ್ರ ಬಾಣಂತಿಗೆ ಎಷ್ಟ್ ಧೈರ್ಯ" ಎಂದು ಮಾವನವರಿಗೆ ಕೇಳಿಸುವಂತೆಯೇ ಹೇಳಿದರು. ರಾತ್ರಿ ಪಾಳಿಯ ಪ್ರಶ್ನೆಗೆ ನಾವು ಸಿದ್ಧಪಡಿಸಿಕೊಂಡಿದ್ದ ಉತ್ತರ ಇಷ್ಟು ಚೆನ್ನಾಗಿರಲಿಲ್ಲ. ಆದರೂ ಅಜ್ಜನ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೆಣ್ಣುಮಕ್ಕಳು ರಾತ್ರಿ ದುಡಿಯುವಲ್ಲಿ ತಂಗುವ ಕೋಣೆ, ಶೌಚಾಲಯ, ಮನೆಗೆ ಮುಟ್ಟಿಸುವ ವ್ಯವಸ್ಥೆ ಇವೆಯೇ ಎಂದು ಕೇಳುವುದು ಮನೆಯವರ ಹಕ್ಕು.

ಶಿಕ್ಷಣಕ್ಕೆ ಸೇರಿಸುವ ತಂದೆತಾಯಂದಿರಿಗೆ ಒಂದು ಎಚ್ಚರಿಕೆ. ಕೆಲವೇ ವಾರಗಳಲ್ಲಿ ಪ್ರಮಾಣಪತ್ರ ಕೊಟ್ಟು ನೌಕರಿ ಕೊಡಿಸುತ್ತೇವೆನ್ನುವ ಫಲಕಗಳನ್ನು ನಂಬಿ ಹಣ ಕಟ್ಟಬೇಡಿರಿ. ಕೇಂದ್ರ ಸರಕಾರವು 2021ರಲ್ಲಿ ಜಾರಿಗೆ ತಂದ ಕಾಯಿದೆಯು ಆಂಬುಲೆನ್ಸಿನ ತುರ್ತು ಚಿಕಿತ್ಸಾ ತಂತ್ರಜ್ಞರನ್ನು ಹೆಸರಿಸಿಯೇ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ ವ್ಯಾಖ್ಯೆಯಂತೆ ಸಹವರ್ತಿ ಆರೋಗ್ಯ ವೃತ್ತಿಯ ಡಿಪ್ಲೊಮಾ ಅಥವಾ ಪದವಿಯು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, 2,000 ಗಂಟೆಗಳಿಗೆ ಕಡಿಮೆಯಿಲ್ಲದ ಶಿಕ್ಷಣವಾಗಿರಬೇಕು. ಸೇರುವ ಮೊದಲು ಆ ಸಂಸ್ಥೆಗೆ ಸರಕಾರದ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ದವಾಖಾನೆಯಲ್ಲಿ ಕೈಯಾರೆ ಕಲಿಯುವ ಅವಕಾಶವಿದೆಯೇ ಎಂದು ಬರಹದಲ್ಲಿಯೇ ಕೇಳಿರಿ. ಉಸಿರಿನ ಚೀಲವನ್ನು ಬೊಂಬೆಯ ಮೇಲೂ ಒತ್ತದೆ ಪ್ರಮಾಣಪತ್ರ ಪಡೆದವರು ಯಾರ ಮಗನ ಪಕ್ಕದಲ್ಲಿ ಕೂಡಬೇಕಾದೀತೋ ಯೋಚಿಸಿರಿ.

ಗಡಿಯ ಮಾತನ್ನೂ ಹೇಳಬೇಕು. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ ಬಹಳ ಹತ್ತಿರ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ದವಾಖಾನೆ ತೆರೆದಾಗಿನಿಂದ ನಮ್ಮ ಕಡೆಯ ಎಷ್ಟೋ ತಲೆಮಾರುಗಳು ಆ ದಾರಿ ಹಿಡಿದಿವೆ. ನಿಪ್ಪಾಣಿಯವರಿಗೆ ಕೊಲ್ಲಾಪುರ. ಯಾವ ರೋಗಿಯನ್ನು ಯಾವ ದವಾಖಾನೆಗೆ ಒಯ್ಯಬೇಕೆಂಬ ನಿರ್ಧಾರವೂ ಈ ವಿದ್ಯೆಯ ಭಾಗ. ಹತ್ತಿರವಿದೆಯೆಂದು ತಲೆಗೆ ಪೆಟ್ಟಾದವನನ್ನು ತಲೆಯ ಶಸ್ತ್ರಚಿಕಿತ್ಸೆ ಇಲ್ಲದಲ್ಲಿಗೆ ಒಯ್ದರೆ ಎರಡು ಸಲ ಪ್ರಯಾಣ. ನಮ್ಮ ಹುಡುಗಿ ವಹಿಯ ಕೊನೆಯ ಪುಟದಲ್ಲಿ ಮರಾಠಿಯ ಕೆಲವು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದಳು: 'ಕುಠೇ ದುಖತಂಯ?', 'ಶ್ವಾಸ ಘ್ಯಾ.' ಪಠ್ಯದಲ್ಲಿ ಇದಿಲ್ಲ, ಆದರೆ ನಮ್ಮ ನೆಲದಲ್ಲಿ ಬೇಕು.

ಅಪಘಾತವಾದವರನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆಂಬ ಹಳೆಯ ಭಯ ಇನ್ನೂ ಹಲವರಲ್ಲಿದೆ. ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ ಅದು ಕಾನೂನೇ ಆಯಿತು. ನಿಮ್ಮ ಹೆಸರನ್ನು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಊರಿಗೆ ಹೊರಡುವ ದಿನ ದೊಡ್ಡಪ್ಪನವರು ಹುಡುಗಿಯನ್ನು ಕರೆದು, "ನನಗೇನಾರ ಆತಂದ್ರ ಗಾಡಿ ಬರೂತನಕ ಇವರು ಏನ ಮಾಡಬೇಕ, ಅದನ್ನ ಮನ್ಯಾಗಿನವರಿಗೆ ಕಲಸು" ಎಂದರು. ಅವಳು ಗಾದಿಯ ಮೇಲೆ ತಲೆದಿಂಬನ್ನಿಟ್ಟು, ಎದೆಯ ನಡುವೆ ಅಂಗೈ ಎಲ್ಲಿಡಬೇಕೆಂದು ತೋರಿಸಿದಳು. ಮೊಣಕೈ ಮಡಚದೆ, ಎರಡು ಅಂಗುಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಮೂವತ್ತು ಒತ್ತು, ಎರಡು ಉಸಿರು. ಉಸಿರು ಕೊಡಲು ಬಾರದವರು ಒತ್ತುವುದನ್ನಾದರೂ ನಿಲ್ಲಿಸಬಾರದು. ತಮ್ಮನು ಎರಡು ನಿಮಿಷದಲ್ಲಿ ಏದುಸಿರುಬಿಟ್ಟ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂದಳು.

ಆಮೇಲೆ ಫೋನು ಮಾಡುವ ಪಾಠ. ಗಡಿಯ ಊರುಗಳಲ್ಲಿ ಮೊಬೈಲು ಕೆಲವೊಮ್ಮೆ ಆಚೆಯ ಗೋಪುರವನ್ನು ಹಿಡಿಯುತ್ತದೆ, ಮಹಾರಾಷ್ಟ್ರದಲ್ಲಿಯೂ ಸಂಖ್ಯೆ 108ರೇ. ಆದ್ದರಿಂದ ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲೂಕು, ಊರು, ಕೊನೆಗೆ ಗುರುತು ಹೇಳಬೇಕು. ತೋಟದ ಮನೆಯಾದರೆ ಒಬ್ಬರು ಡಾಂಬರು ರಸ್ತೆಗೆ ಬಂದು ಬ್ಯಾಟರಿ ಹಿಡಿದು ನಿಲ್ಲಬೇಕು. ಅವರು ಇಡು ಎನ್ನುವವರೆಗೆ ಫೋನು ಇಡಬಾರದು. ದೊಡ್ಡಪ್ಪನವರು ಅದನ್ನು ಮೂರು ಸಲ ಒಪ್ಪಿಸಿದರು. ಮೂರನೆಯ ಸಲ ಗುರುತು ಹೇಳುವಾಗ, "ಮಠದ ಹಿಂದ, ಬೇವಿನಗಿಡದ ಮನಿ" ಎಂದರು.

"ಅಜ್ಜಾ, ಬೇವಿನಗಿಡ ಕಡದ ನಾಕ ವರ್ಷ ಆತು" ಎಂದಳು ಹುಡುಗಿ.